ಮೋಟಾರಿನ ನೆಲದಲ್ಲಿ ಮಗ್ಗದ ಕುಣಿ

ಜರ್ಮನಿಯ ಲಡಾಯಿ ನಡೆದಿದ್ದ ವರ್ಷಗಳು ಅವು. ಜಮಖಂಡಿಯಲ್ಲಿ ಇನ್ನೂ ರಾಜರ ಆಳ್ವಿಕೆ ಇತ್ತು. ನಾನು ಮದುವೆಯಾಗಿ ಬನಹಟ್ಟಿಯ ನೇಕಾರರ ಮನೆಗೆ ಬಂದು ಮೂರು ವರ್ಷವಾಗಿತ್ತು. ಹಿಪ್ಪರಗಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತಿದ್ದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದನ್ನು ಮಾತ್ರ ಕಲಿತಿರಲಿಲ್ಲ. ಮೊಮ್ಮಕ್ಕಳೇ, ನಿಮ್ಮ ಅಜ್ಜ ಹಳೆಯ ಸರ್ವಿಸ್ ಮೋಟಾರು, ಅಂದರೆ ಬಸ್ಸು, ಕೊಂಡ ಸುದ್ದಿಯನ್ನು ನೀವು ಊರವರ ಬಾಯಿಂದ ನಗುನಗುತ್ತ ಕೇಳಿದ್ದೀರಿ. ಅವರಿಗೆ ಗೊತ್ತಿಲ್ಲದ್ದನ್ನು ನಾನು ಬರೆಯುತ್ತೇನೆ.

ಆಗ ಕೆಲವು ವರ್ಷಗಳಿಗೊಮ್ಮೆ ಪ್ಲೇಗು ಬರುತ್ತಿತ್ತು. ಇಲಿಗಳು ಸತ್ತು ಬೀಳತೊಡಗಿದವೆಂದರೆ ಜನ ಮನೆ ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ಇರುತ್ತಿದ್ದರು. ನಾನು ಬಂದ ಮೊದಲ ವರ್ಷವೇ ಜೋಳದ ದಂಟಿನ ಜೋಪಡಿಯಲ್ಲಿ ಎರಡು ತಿಂಗಳು ಕಳೆದೆವು. ಒಂದು ಸಂಜೆ ಬಿರುಗಾಳಿಗೆ ಅದು ಹಾರಿಹೋಗಿ ಬುಟ್ಟಿಯ ರೊಟ್ಟಿಯೆಲ್ಲ ಮಣ್ಣಾಯಿತು. ಅಂದು ನಿಮ್ಮ ಅಜ್ಜ, "ಮುಂದಿನ ಸರ್ತಿ ಗಾಳಿಗೆ ಹಾರದ ಮನಿ ತರತೇನಿ ನೋಡ" ಎಂದಿದ್ದರು. ನಾನು ಸಿಟ್ಟಿನ ಮಾತು ಎಂದುಕೊಂಡಿದ್ದೆ.

ಲಡಾಯಿಯಿಂದ ಪೆಟ್ರೋಲು ಸಿಗದೆ ಎಷ್ಟೋ ಮೋಟಾರುಗಳು ನಿಂತುಹೋಗಿದ್ದವು. ಜಮಖಂಡಿಯಲ್ಲಿ ಅಂಥದೊಂದರ ಎಂಜಿನ್ನು ಬಿಚ್ಚಿಕೊಂಡು ಉಳಿದದ್ದನ್ನು ಬೇವಿನ ಮರದ ಕೆಳಗೆ ಬಿಟ್ಟಿದ್ದರು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಇವರು ಅದನ್ನು ಕೊಂಡು, ಎರಡು ಜೋಡಿ ಎತ್ತು ಹೂಡಿ ಬನಹಟ್ಟಿಗೆ ಎಳೆಸಿಕೊಂಡು ಬಂದರು. ತಾವು ಮುಂದೆ ಕೂತು ಚಕ್ರ ತಿರುಗಿಸುತ್ತ, ರಬ್ಬರಿನ ಗುಂಡು ಒತ್ತಿ ಪೋಂ ಪೋಂ ಎನ್ನಿಸುತ್ತ ಓಣಿಗೆ ಬಂದಾಗ ನಾನು ನಾಚಿಕೆಯಿಂದ ಕದದ ಹಿಂದೆ ನಿಂತುಬಿಟ್ಟೆ. ಎದುರುಮನೆಯ ಗಂಗವ್ವ ಸುಮ್ಮನಿರುವವಳಲ್ಲ.

"ನಿನ್ನ ಗಂಡನ ಮೋಟಾರ ಛಲೋ ಐತಿ ಬೇ. ಪೆಟ್ರೋಲ್ ಕೇಳೂದಿಲ್ಲ, ಹೊಟ್ಟ ಮೇಯತೈತಿ" ಎಂದಳು.

ಮಗ್ಗದ ಕೆಲಸ ಮುಗಿದ ಮೇಲೆ ದಿನಾ ಸಂಜೆ ಇವರು ಅದರ ಬೆನ್ನು ಹತ್ತುತ್ತಿದ್ದರು. ಬಡಿಗೇರ ಈರಣ್ಣ ಜೊತೆಗಿದ್ದ. ತಗಡಿನ ತೂತುಗಳಿಗೆ ಡಾಂಬರಿನಲ್ಲಿ ಅದ್ದಿದ ಅರಿವೆ ಮೆತ್ತಿದರು. ಸೀಟು ಕಿತ್ತು, ಎರಡು ಬೆಂಚುಗಳನ್ನು ಜೋಡಿಸಿ ಮಲಗುವ ಹಲಗೆ ಮಾಡಿದರು. ಹಿಂದಿನ ಮೂಲೆಯಲ್ಲಿ ತಗಡು ಹಾಸಿ ನಾನು ಮಣ್ಣಿನ ಒಲೆ ಹೂಡಿದೆ. ಕಿಟಕಿಗಳಿಗೆ ಮಗ್ಗದಲ್ಲಿ ಕೆಟ್ಟುಹೋದ ಸೀರೆಯ ತುಂಡುಗಳ ಪರದೆ ಹೊಲಿದೆ. ಕೊಳೆತುಹೋಗಿದ್ದ ನೆಲವನ್ನು ಪೂರ್ತಿ ಕಿತ್ತು ಇವರು ಬೇವಿನ ಹಲಗೆ ಬಡಿದರು, ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದರು. ಅದರ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತಿದ್ದಕ್ಕೆ ಈರಣ್ಣನನ್ನೇ ಒಮ್ಮೆ ಕೆಳಗಿಳಿಸಿದ್ದರು.

ಸುಗ್ಗಿ ಮುಗಿಯುವಷ್ಟರಲ್ಲಿ ಹಿಂದಿನ ಓಣಿಯಲ್ಲಿ ಇಲಿ ಬಿದ್ದವು. ಜನ ಗಂಟು ಕಟ್ಟತೊಡಗಿದರು. ನಮ್ಮ ಮೋಟಾರನ್ನೂ ಎತ್ತು ಹೂಡಿ ಊರ ಹೊರಗಿನ ಪರಿಚಯದವರ ಹೊಲಕ್ಕೆ ತಂದು ನಿಲ್ಲಿಸಿದೆವು. ಕಾಳು, ಪಾತ್ರೆ, ಹಾಸಿಗೆ ಎಲ್ಲ ಬಂತು. ಅತ್ತೆ ಮಾತ್ರ ಬರಲಿಲ್ಲ.

"ನೀವು ಹೋಗ್ರಿ. ನಾ ಮಗ್ಗ ಬಿಟ್ಟ ಬರಂಗಿಲ್ಲ" ಎಂದರು.

ಅವರ ಹಟಕ್ಕೆ ಕಾರಣವಿತ್ತು. ಮಾವನವರು ತೀರಿಕೊಂಡ ಮೇಲೆ ಅತ್ತೆಯೇ ಮಗ್ಗದ ಮುಂದೆ ಕೂತು ನೇಯ್ದು ಮಗನನ್ನು ಬೆಳೆಸಿದ್ದರು. ಹಿಂದಿನ ಪ್ಲೇಗಿನಲ್ಲಿ ಎಲ್ಲರ ಜೊತೆ ಹೊಲಕ್ಕೆ ಹೋಗಿ, ತಿರುಗಿ ಬಂದು ನೋಡಿದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿ ಬಿಟ್ಟುಹೋದ ಹಾಸು ನೂಲನ್ನು ಇಲಿಗಳು ಕಡಿದು ಪುಡಿ ಮಾಡಿದ್ದವು. ಈಗಲೂ ಒಂದು ಸೀರೆ ಅರ್ಧಕ್ಕೆ ನಿಂತಿತ್ತು, ಲಡಾಯಿಯ ಕಾಲದಲ್ಲಿ ನೂಲು ಸಿಗುವುದೇ ಕಷ್ಟವಿತ್ತು.

"ಯವ್ವಾ, ನೂಲ ಇನ್ನೊಮ್ಮೆ ತರಬಹುದು. ನಿನ್ನ ಎಲ್ಲಿಂದ ತರಲಿ?" ಎಂದು ಇವರು ಎರಡು ದಿನ ಬೇಡಿಕೊಂಡರು. "ಮಗ್ಗಾ ಕಿತ್ತು ಹೊಲದಾಗ ಹೂಡೋಣು" ಎಂದರು.

"ಹೊಲದಾಗ ಕುಣಿ ತೋಡಿದರ ನೀರ ಜಿನುಗತೈತಿ. ನನಗ ಗೊತ್ತಿಲ್ಲೇನ? ಹೋಗ, ನಿನ್ನ ಹೆಂಡತಿ ಕಾಯಾಕತ್ತಾಳ."

ಕುಣಿ ಎಂದರೆ ಮಗ್ಗದ ಮುಂದೆ ನೆಲದಲ್ಲಿ ತೋಡಿದ ತಗ್ಗು. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗಿಟ್ಟು ತುಳಿಮಣೆ ತುಳಿಯಬೇಕು. ಅದಿಲ್ಲದೆ ನಮ್ಮ ಮಗ್ಗ ನಡೆಯದು.

ಮೂರನೆಯ ದಿನ ಮಧ್ಯಾಹ್ನ ನಾನು ಮೋಟಾರಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕಾಳು ಆರಿಸುತ್ತಿದ್ದೆ. ಇವರೂ ಈರಣ್ಣನೂ ನೆರಳಿನಲ್ಲಿ ಕೂತಿದ್ದರು. ನಮ್ಮ ಓಣಿಯಲ್ಲೇ ಒಬ್ಬರಿಗೆ ಕಂಕುಳಲ್ಲಿ ಪ್ಲೇಗಿನ ಗಂಟು ಎದ್ದಿದೆ ಎಂದು ಈರಣ್ಣ ಆಗಷ್ಟೇ ಸುದ್ದಿ ತಂದಿದ್ದ. ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನೋಡುತ್ತಲೇ ಇದ್ದೆ. ಮೋಟಾರಿನ ಹಲಗೆಯಿಂದ ಕೆಳಗಿನ ಮಣ್ಣಿಗೆ ಎರಡು ಮೊಳ ಇರಬಹುದು. ಅತ್ತೆಯ ಕುಣಿಯೂ ಅಷ್ಟೇ ಆಳ.

ಹೇಳಬೇಕೆನಿಸಿತು. ಆದರೆ ಪರಪುರುಷನ ಎದುರು ಗಂಡನೊಡನೆ ನಾನು ಅಲ್ಲಿಯವರೆಗೆ ಮಾತಾಡಿದವಳೇ ಅಲ್ಲ. ಮೊರದಲ್ಲಿನ ಕಾಳನ್ನೇ ನೋಡುತ್ತ ಹೇಳಿದೆ: "ಈ ಹಲಗಿ ನಡುವ ಕೊಯ್ದರ ಕುಣಿ ಆಗತೈತ್ರಿ. ತೋಡೂದ ಬ್ಯಾಡ."

ಇಬ್ಬರೂ ತಿರುಗಿ ನೋಡಿದರು. ಈರಣ್ಣ ನಕ್ಕ. "ತಂಗಿ, ನಿನ್ನೆ ಮೊನ್ನೆ ಎಣ್ಣಿ ಹಚ್ಚ್ಯಾನ. ನಾ ಚಪ್ಪಲಿ ಇಟ್ಟಿದ್ದಕ್ಕ ಹೊರಗ ಹಾಕಿದಾಂವ, ಗರಗಸ ಇಡಾಕ ಬಿಡತಾನೇನ?"

ಇವರು ಕೆಳಗೆ ಬಗ್ಗಿ, ಎಂಜಿನ್ನಿನ ಜೊತೆಗೇ ಅದರಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ದಂಡವೂ ಹೋಗಿದ್ದರಿಂದ ಅಲ್ಲಿ ಅಡ್ಡವೇನೂ ಇಲ್ಲ ಎಂದು ಕೈಯಾಡಿಸಿ ನೋಡಿದರು. ಮೇಲೆ ಬಂದು ಹಲಗೆಯನ್ನು ಒಮ್ಮೆ ಅಂಗೈಯಿಂದ ಸವರಿದರು. ಆಮೇಲೆ ಮೊಳೆಯಿಂದ ಗೆರೆ ಎಳೆದು, "ಗರಗಸ ಕೊಡ ಇಲ್ಲೆ" ಎಂದರು. ಈರಣ್ಣನಿಗೆ ಕೊಯ್ಯಲು ಕೊಡಲಿಲ್ಲ, ತಾವೇ ಕೊಯ್ದರು.

ಅತ್ತೆಯನ್ನು ಕರೆಯಲು ನಾನೇ ಹೋದೆ. "ಮಗ್ಗಾನೂ ಬರತೈತ್ರಿ ಅತ್ತಿ, ಕುಣೀನೂ ಐತ್ರಿ" ಎಂದೆ.

"ಮೋಟಾರದಾಗ ಕುಣಿ? ಹುಚ್ಚ ಹಿಡದೈತೇನ ನಿಮಗ?" ಎಂದರು. ಆದರೆ ಎದ್ದರು. "ನೋಡಿ ತಿರುಗಿ ಬರತೇನಿ, ಅಷ್ಟ."

ಹತ್ತಿ ಬಂದು ತೂತಿನ ಅಂಚಿಗೆ ಕೂತರು. ಕಾಲು ಇಳಿಬಿಟ್ಟರು. ನಾವು ಮೂವರೂ ನೋಡುತ್ತ ನಿಂತಿದ್ದೆವು. ಬಹಳ ಹೊತ್ತು ಅವರು ಕಾಲು ಆಡಿಸುತ್ತ ಕೂತರು.

"ಇಷ್ಟ ವರ್ಷ ಕುಣ್ಯಾಗ ಕಾಲ ಇಟ್ಟೇನಿ. ಥಂಡಿಗೆ ಮೊಣಕಾಲ ಹಿಡದ ಹೋಗ್ಯಾವು," ಎಂದರು. "ಇಲ್ಲೆ ಗಾಳಿ ಆಡತೈತಿ." ಮತ್ತೆ ಮಗನ ಕಡೆ ತಿರುಗಿ, "ನಿಂತ ಏನ ನೋಡತೀ? ಹಾಸ ಹರೀದಂಗ ಸುತ್ತಿಕೊಂಡ ಬಾ ಹೋಗ" ಎಂದರು.

ಬೆಳಕಿರುವಾಗಲೇ ಮಗ್ಗ ಬಂತು. ಒಣಗಾಳಿಗೆ ಎಳೆ ಹರಿಯಬಾರದೆಂದು ತೂತಿನ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದೆವು. ಮೂರು ತಿಂಗಳು ಅಲ್ಲಿದ್ದೆವು. ಇಡೀ ಹೊಲದಲ್ಲಿ ನಮ್ಮ ಮೋಟಾರಿನಿಂದ ಮಾತ್ರ ಲಾಳಿಯ ಸಪ್ಪಳ ಕೇಳುತ್ತಿತ್ತು. ಗಂಗವ್ವ ದಿನಾ ಬಂದು, ಕೆಳಗಿನಿಂದ ಕಾಣುವ ಅತ್ತೆಯ ಪಾದ ನೋಡಿ ನಿಮ್ಮ ಅಜ್ಜನ ಹೆಸರು ಕೂಗಿ, "ಯಮನಪ್ಪಾ, ನಿಮ್ಮ ಮೋಟಾರಕ್ಕ ಕಾಲ ಬಂದಾವು" ಎಂದು ನಗುತ್ತಿದ್ದಳು. ಅತ್ತೆಯೂ ನಗುತ್ತಿದ್ದರು.

ನಾವು ಮಗ್ಗ ತಂದ ನಾಲ್ಕನೆಯ ದಿನ ಇವರು ಬೀಸುಕಲ್ಲು ತರಲೆಂದು ಮನೆಗೆ ಹೋಗಿದ್ದರು. ಬರಿಗೈಯಲ್ಲಿ ಬಂದರು. ನೀರು ಕಾಯಿಸಿ ಮೈ ತೊಳೆದುಕೊಂಡು, ನನ್ನೊಬ್ಬಳಿಗೇ ಹೇಳಿದರು: ಮನೆಯ ಖಾಲಿ ಕುಣಿಯಲ್ಲಿ ಮೂರು ಇಲಿ ಸತ್ತು ಬಿದ್ದಿದ್ದವಂತೆ. ಅವ್ವನಿಗೆ ಹೇಳಬೇಡ ಎಂದರು. ನಾನು ಹೇಳಲಿಲ್ಲ.

ಅತ್ತೆ ಅದಾದ ಮೇಲೆ ಹನ್ನೊಂದು ವರ್ಷ ಬದುಕಿದರು. ನಿಮ್ಮ ಅಪ್ಪನನ್ನು ಎತ್ತಿ ಆಡಿಸಿದರು. ಈಗಲೂ ನಾಲ್ಕು ಜನರ ಮುಂದೆ ನನ್ನ ದನಿ ಏಳುವುದಿಲ್ಲ, ಅದಕ್ಕೆ ನೀವು ನನ್ನನ್ನು ಗೇಲಿ ಮಾಡುತ್ತೀರಿ. ಮಾಡಿರಿ. ಆದರೆ ಅಂದು ಆ ಮಾತನ್ನು ನುಂಗಿದ್ದರೆ ಎಂದು ನೆನೆದಾಗ ಮೈ ಝುಂ ಎನ್ನುತ್ತದೆ. ಆ ಹನ್ನೊಂದು ವರ್ಷಗಳಲ್ಲಿ ನನ್ನದೂ ಒಂದು ಪಾಲಿದೆ ಎಂದು ಇಷ್ಟು ದಿನ ಒಳಗೊಳಗೇ ಸಂತೋಷಪಟ್ಟಿದ್ದೇನೆ. ಯಾರ ಮುಂದೆಯೂ ಹೇಳಿರಲಿಲ್ಲ.