ಒಂದು ಗೇಣು ನೂಲು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಟೀಚರ್ ತಮ್ಮ ಬಲಗಾಲನ್ನು ಮಗ್ಗದ ಗುಂಡಿಯಿಂದ ಮೇಲೆತ್ತಿದರು. ಆ ಪಾದದ ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ಹೊರಗೆ ಬಾಗಿತ್ತು. ಹನ್ನೆರಡನೇ ವಯಸ್ಸಿನಿಂದ ಮಗ್ಗದ ಮೆಟ್ಟು ತುಳಿದು ತುಳಿದು ಹಾಗಾದದ್ದು. ಬೆರಳ ತುದಿಯಿಂದ ಕೆಸರು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಸರಿಯಾಗಿ ಆಗಲೇ ನಾನು ಅವರ ಫೋಟೋ ತೆಗೆದೆ. ಅದು ಇನ್ನೂ ನನ್ನ ಫೋನಿನಲ್ಲಿದೆ. ಫೋಟೋದಲ್ಲಿ ಅವರು ಒದ್ದೆ ಕಾಲು ನೋಡಿಕೊಂಡು ನಗುತ್ತಿದ್ದಾರೆ.

"ಗುಂಡಿಗ್ ನೀರ್ ಬಂತ್ ಕಾಣ್. ಡಬ್ಬಿ ತಕಂಬಾ," ಎಂದರು.

ನಾನು ತಂದುಕೊಟ್ಟೆ. ಎಲ್ಲ ಕೆಟ್ಟದ್ದೂ ಅಲ್ಲಿಂದ ಶುರುವಾಯಿತು.

ನಮ್ಮ ನೇಯ್ಗೆ ಶಾಲೆ ಕೋಟದ ಪೇಟೆಯಿಂದ ಒಳಗೆ, ಹೊಳೆಯ ಬದಿಯ ತಗ್ಗಿನಲ್ಲಿ ಒಂದು ಹಳೆಯ ಹೆಂಚಿನ ಕಟ್ಟಡದಲ್ಲಿತ್ತು. ಆರು ಮಗ್ಗ, ಆರೂ ಗುಂಡಿ ಮಗ್ಗ. ನೆಲದಲ್ಲಿ ಸೊಂಟದ ಆಳದ ಗುಂಡಿ. ನೇಯುವವರು ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ಮೆಟ್ಟು ತುಳಿಯಬೇಕು. ಉದ್ದಕ್ಕೆ ಬಿಗಿದ ನೂಲು, ಅಂದರೆ ಹಾಸು, ಗುಂಡಿಯ ಮೇಲೆ ಹಾದು ಹೋಗುತ್ತದೆ. ಮಳೆಗಾಲದಲ್ಲಿ ಈ ಗುಂಡಿಗಳಲ್ಲಿ ಒರತೆ ಬರುವುದು ಮಾಮೂಲು. ಬಂದಾಗಲೆಲ್ಲ ಎಣ್ಣೆ ಡಬ್ಬಿಯಲ್ಲಿ ತೋಡಿ ಹೊರಗೆ ಚೆಲ್ಲಿ, ಗೋಣಿಚೀಲ ಹಾಸಿ ಮತ್ತೆ ನೇಯಲು ಕೂರುತ್ತಿದ್ದೆವು. ಬೇರೆ ಯಾರೇ ಆಗಿದ್ದರೂ ನೆಲದಿಂದ ನೀರು ಉಕ್ಕಿದರೆ ಹೆದರಿ ಓಡುತ್ತಿದ್ದರು. ನಾವು ಗುಂಡಿ ಮಗ್ಗದವರು. ಡಬ್ಬಿ ಹಿಡಿದೆವು.

ಟೀಚರ್ ಎಂದು ಎಲ್ಲರೂ ಕರೆಯುತ್ತಿದ್ದರೂ ಅವರು ಓದಿದ್ದು ಐದನೇ ತರಗತಿ. ಬ್ರಹ್ಮಾವರದ ಕಡೆಯ ನೇಕಾರರ ಮನೆಯವರು. ಕೈಮಗ್ಗದ ಸೀರೆ ಕೇಳುವವರಿಲ್ಲದೆ ಮನೆಯ ಮಗ್ಗ ಅಟ್ಟ ಸೇರಿದ ಮೇಲೆ ಹದಿನೈದು ವರ್ಷ ಬೀಡಿ ಕಟ್ಟಿದ್ದರು. ಅವರನ್ನು ಮತ್ತೆ ಮಗ್ಗಕ್ಕೆ ಕರೆತಂದವರು ವಂಡ್ಸೆಯ ಹಿರಿಯರೊಬ್ಬರು. ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ತಮ್ಮ ತಾಯಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಸೀರೆ ಹಿಡಿದುಕೊಂಡು ಇದನ್ನು ನೇಯುವವರು ಇನ್ನೂ ಇದ್ದಾರೆಯೇ ಎಂದು ಊರೂರು ಅಲೆದವರು. ಹುಡುಕಿ ಹುಡುಕಿ ಟೀಚರ ಮನೆಗೆ ಬಂದರಂತೆ. ಟೀಚರ್ ಬೀಡಿಯ ಮೊರ ಬದಿಗಿಟ್ಟು, ಸೀರೆಯ ಅಂಚು ಮುಟ್ಟಿ, "ಇದ್ ನನ್ನ ಅತ್ತಿ ಕೈದ್," ಎಂದರಂತೆ. ನಮ್ಮ ಟ್ರಸ್ಟ್ ಹುಟ್ಟಿದ್ದು ಹೀಗೆ. ಅಧ್ಯಕ್ಷರಾದ ಅವರನ್ನು ಟೀಚರ್ 'ಸೇಟ್ರು' ಎಂದೇ ಕರೆದರು.

ಇಬ್ಬರಿಗೂ ದಿನವೂ ಜಗಳ.

"ಅರೇ ಟೀಚ್ರೇ, ಜರಾ ಜಲ್ದಿ ಮಾಡಿ. ಸೀರೆ ಕೇಳ್ದವ್ರ್ ದಿನಾ ಫೋನ್ ಮಾಡ್ತಿದ್ರ್."

"ಜಲ್ದಿ ಬೇಕಾದ್ರೆ ಮಿಲ್ಲಿಗ್ ಹೋಯ್ನಿ ಸೇಟ್ರೇ. ಇಲ್ಲ್ ಕಾಲಂಗ್ ನೇಯುದ್, ಕರೆಂಟಂಗ್ ಅಲ್ಲ."

ನಾನು ಎಂ.ಕಾಂ. ಮುಗಿಸಿ ಅಲ್ಲಿಗೆ ಬರವಣಿಗೆ ಕೆಲಸಕ್ಕೆ ಸೇರಿದವಳು. ಪತ್ರ, ಫೋಟೋ, ವರದಿ ನನ್ನ ಪಾಲು. ನಮ್ಮದು ಕುಂದಾಪುರದಾಚೆ ಕಡಲತಡಿಯ ಮನೆ. ಅಪ್ಪಯ್ಯನಿಗೆ ದೋಣಿ, ಬಲೆ ಇದೆ. ಒಂದು ಮಧ್ಯಾಹ್ನ ಟೀಚರ್ ನನ್ನ ಕೈ ಹಿಡಿದು ಬೆರಳು ಬಿಡಿಸಿ ನೋಡಿದರು. "ಬಲಿ ಕಟ್ಟುವರ ಮನಿ ಕೈ. ಕಂಪ್ಯೂಟರ್ ಒತ್ತುಕೆ ಇಷ್ಟ್ ಒಳ್ಳೆ ಬೆರ್ಳ್ ಎಂತಕೆ? ಬಾ, ಕೂಕೊ." ಹಾಗೆ ಮಗ್ಗಕ್ಕೆ ಕೂರಿಸಿದರು. ನಾನು ನೇಯ್ದ ಮೊದಲ ಗೇಣು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ಸಂದಿಯಲ್ಲಿ ಅವರ ಕಣ್ಣು ನನಗೆ ಕಾಣಿಸಿತು.

"ಇದ್ ಸೀರ್ಯಾ, ಬಲ್ಯಾ? ಅಪ್ಪಯ್ಯಂಗ್ ಕೊಡ್, ಬಂಗುಡಿ ಮೀನ್ ಹಿಡೀಲಿ."

ಬಟ್ಟೆ ಮುಟ್ಟಿದರೆ ನೇಯ್ದವರ ಮನಸ್ಸು ಅವರಿಗೆ ತಿಳಿಯುತ್ತಿತ್ತು. ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸುವರು. "ಇಲ್ಲ್ ಯಾರ್ ಮೇಲೆ ಸಿಟ್ಟ್ ಇದ್ದಿತ್ತ್? ಗಟ್ಟಿ ಹೊಡದ್ದೆ ಕಾಣ್." ಕುಂಭಾಶಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ಒಮ್ಮೆ ಆ ಮಾತಿಗೆ ಅತ್ತೇಬಿಟ್ಟಿದ್ದಳು. ಮನೆಯ ಸಂಕಟವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಟೀಚರ್ ಅವಳ ಪಕ್ಕದಲ್ಲಿ ಕೂತು, ಅವಳ ಬದಲು ಆ ದಿನದ ನೇಯ್ಗೆ ಮುಗಿಸಿಕೊಟ್ಟರು.

ಒಂದೇ ಒಂದು ವಿಷಯದಲ್ಲಿ ಅವರು ಕಠಿಣ. ಮಗ್ಗದಲ್ಲಿರುವ ಹಾಸಿನ ನೂಲಿಗೆ ಕತ್ತರಿ ತಾಗಿಸಬಾರದು. ಸೀರೆ ಮುಗಿದ ಮೇಲೆ ಬಟ್ಟೆ ಕತ್ತರಿಸುತ್ತೇವಲ್ಲ, ಆಗಲೂ ಕೊನೆಯ ಒಂದು ಗೇಣು ನೂಲನ್ನು ಮಗ್ಗದಲ್ಲೇ ಬಿಡಬೇಕು. ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ, ಅದರ ಹಿಂದಿನ ಕುಣಿಕೆಗಳಲ್ಲಿ ಒಂದೊಂದೇ ಎಳೆಯಾಗಿ ಹಾಯಿಸಿದ ನೂಲು ಅದು. ಹೊಸ ಹಾಸಿನ ಎಳೆಗಳನ್ನು ಆ ತುದಿಗಳಿಗೆ ಹೊಸೆದು ಕೂಡಿಸಿ ಎಳೆದರೆ, ಹಳೆಯದರ ಹಿಂದೆ ಹೊಸದು ತಾನಾಗಿ ದಾರಿ ಹಿಡಿದು ಬರುತ್ತದೆ. ಆ ತುದಿ ಕಳೆದುಕೊಂಡರೆ ಎರಡು ಸಾವಿರ ಎಳೆಯನ್ನು ಮೊದಲಿನಿಂದ ಪೋಣಿಸಬೇಕು. ನಾನು ಬಲೆಯವರ ಮಗಳಲ್ಲವೇ, ಮೊದಲ ಸಲ ಗಂಟು ಹಾಕಿಬಿಟ್ಟಿದ್ದೆ. ಕೈ ಮೇಲೆ ಒಂದು ಏಟು ಬಿತ್ತು. "ಕಾಣ್ ಹೆಣೆ, ಗಂಟ್ ಹಣಿಗಿ ಒಳಗ್ ಹೋತಿಲ್ಲೆ. ಹೊಸೀಕ್. ಎರಡ್ ಎಳಿ ಒಂದಾಯ್ತ್ ಅಂದ್ ಅದಕ್ಕೇ ಗೊತ್ತಾಪುಕಿಲ್ಲೆ."

ಆ ದಿನ ಮೂಲೆಯ ಮಗ್ಗದಲ್ಲಿ, ಅಂದರೆ ಮೊದಲು ಟೀಚರ್ ತಾವೇ ನೇಯುತ್ತಿದ್ದ ಮಗ್ಗದಲ್ಲಿ, ಇದ್ದದ್ದು ನನ್ನ ಹಾಸು. ಗಂಜಿ ಹಾಕುವುದರಿಂದ ಹಿಡಿದು ಪೂರ್ತಿ ನಾನೇ ಕಟ್ಟಿದ ಮೊದಲ ಸೀರೆ. ಅರ್ಧ ನೇಯ್ದಾಗಿತ್ತು.

ಮೂರು ನಲವತ್ತರಿಂದ ಒಂದು ಗಂಟೆ ಹೊತ್ತು ಐದು ಹೆಂಗಸರು ನೀರು ತೋಡಿದೆವು. ನಗುತ್ತಲೇ ತೋಡಿದೆವು. ನಾವು ತೋಡುತ್ತಿದ್ದದ್ದು ಹೊಳೆಯನ್ನು ಎಂದು ಯಾರಿಗೂ ಹೊಳೆಯಲಿಲ್ಲ. ಮೂರು ದಿನದ ಮಳೆ, ಕೆಳಗಿನಿಂದ ಕಡಲಿನ ಉಬ್ಬರ. ಹೊಳೆಗೆ ಇಳಿದು ಹೋಗಲು ದಾರಿಯಿಲ್ಲದೆ ಬದಿಗೆ ಹರಡುತ್ತಿತ್ತು. ಡಬ್ಬಿ ಚೆಲ್ಲಲು ಹೊರಗೆ ಹೋದ ಕುಂಭಾಶಿಯವಳು ಕೂಗಿಕೊಂಡಳು.

"ಹ್ವಾಯ್ ಟೀಚ್ರೇ! ಗದ್ದಿ ಕಾಂತಿಲ್ಲೆ!"

ಹೋಗಿ ನೋಡಿದರೆ ಗದ್ದೆ ಇರಲಿಲ್ಲ. ಅಂಗಳದ ತನಕ ಒಂದೇ ಬಣ್ಣದ ನೀರು. ಟೀಚರ್ ಮೇನ್ ಸ್ವಿಚ್ ಇಳಿಸಿದರು. ಉಳಿದ ಮೂವರನ್ನೂ ಕೈ ಕೈ ಹಿಡಿಸಿ ರಸ್ತೆಯ ಎತ್ತರಕ್ಕೆ ಕಳಿಸಿದರು. ಸೇಟ್ರು ಅವತ್ತು ಕುಂದಾಪುರದಲ್ಲಿದ್ದರು, ಫೋನು ಸಿಗಲಿಲ್ಲ. ನಾವಿಬ್ಬರು ನೂಲಿನ ಕಟ್ಟುಗಳನ್ನು ಅಟ್ಟಕ್ಕೆ ಏರಿಸಿದೆವು.

"ಸಾಕ್. ಹೋಪ," ಎಂದರು.

ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ನಿಲ್ಲುತ್ತದೆ. ಇಲ್ಲಿಂದ ಹಿಂದಕ್ಕೆ ಹೋಗಿ ಒಂದು ಮಾತು ಬದಲಿಸಿದರೆ ಸಾಕು ಅನಿಸುತ್ತದೆ. ಅವರು ಹೋಗೋಣ ಎಂದಿದ್ದರು. ನಾನು, "ಹತ್ತೇ ಡಬ್ಬಿ ಟೀಚ್ರೇ, ನನ್ನ ಹಾಸ್ ಒದ್ದೆ ಆತ್ತ್," ಎಂದೆ.

ಅಂಗಳದಲ್ಲಿ ಹೊಳೆ ನಿಂತಿರುವಾಗ ಗುಂಡಿ ತೋಡಿ ಏನು ಪ್ರಯೋಜನ ಎಂದು ಇಷ್ಟು ಓದಿದ ನನಗೆ ತೋಚಲಿಲ್ಲ. ನೀರು ಯಾವಾಗಲೂ ಮೆಟ್ಟಿನ ಆಚೆಯ ಮೂಲೆಯಲ್ಲಿ ನಿಲ್ಲುತ್ತಿತ್ತು. ತೆಳ್ಳಗಿದ್ದ ನಾನು ಹಾಸಿನ ಅಡಿಗೆ ನುಗ್ಗಿ, ಮೊಣಕಾಲೂರಿ ತೋಡುವುದು ವಾಡಿಕೆ. ಹಾಗೇ ನುಗ್ಗಿದೆ. ನಾಲ್ಕೋ ಐದೋ ಡಬ್ಬಿ ಆಗಿರಬೇಕು. ಹಿಂದಿನ ಗೋಡೆ ಕುಸಿಯಿತು. ಶಬ್ದ ದೊಡ್ಡದಿರಲಿಲ್ಲ, ತುಂಬಿದ ಗೋಣಿ ಇಳಿಸಿದ ಹಾಗೆ. ಆಮೇಲೆ ನೀರು.

ಏಳಲು ನೋಡಿದೆ. ನೆತ್ತಿಗೆ ಹಾಸು ಒತ್ತಿತು. ಮೆಟ್ಟಿನ ಹಗ್ಗ ಪಾದಕ್ಕೆ ಸುತ್ತಿಕೊಂಡಿತ್ತು. ಎರಡು ಸಾವಿರ ಎಳೆ ಒಟ್ಟಾದರೆ ಎಷ್ಟು ಗಟ್ಟಿ ಎಂದು ಅವತ್ತು ತಿಳಿಯಿತು: ಹಲಗೆಯ ಹಾಗೆ. ನೀರು ಗಲ್ಲಕ್ಕೆ ಬಂತು. ಮೂಗು ಮೇಲೆತ್ತಿದರೆ ನನ್ನದೇ ನೂಲು ಮುಖಕ್ಕೆ ಅಂಟುತ್ತಿತ್ತು. ಅಕ್ಕಿ ಗಂಜಿಯ ವಾಸನೆ.

"ಬಾಯ್ ಮುಚ್ಚ್! ಅಲ್ಲಾಡ್ಬೇಡ!" ಎಂದು ಟೀಚರ ದನಿ ತಲೆಯ ಮೇಲಿನಿಂದ ಬಂತು. ಸೊಂಟಕ್ಕೆ ಕಟ್ಟಿಕೊಂಡಿದ್ದ ಕತ್ತರಿಯ ಸದ್ದು ಕೇಳಿತು. ಒಂದಲ್ಲ, ನಾಲ್ಕೈದು ಸಲ. ಬಿಗಿದ ಎಳೆಗಳು ಹರಿಯುವಾಗ ಮಳೆ ಹೆಂಚಿಗೆ ಬಿದ್ದಂತೆ ಸದ್ದಾಗುತ್ತದೆ. ಇದ್ದಕ್ಕಿದ್ದಂತೆ ಮೇಲೆ ಏನೂ ಇರಲಿಲ್ಲ. ಅವರು ಗುಂಡಿಗೆ ಇಳಿದು ಕಾಲಿನ ಹಗ್ಗ ಕೊಯ್ದರು, ನನ್ನ ಜಡೆಗೆ ಕೈ ಹಾಕಿ ಎಳೆದರು, ಏಣಿಯ ತನಕ ತಳ್ಳಿದರು.

ಅಟ್ಟದ ಮೇಲೆ ಉಸಿರು ಬಂದಾಗ ನಾನು ಆಡಿದ ಮೊದಲ ಮಾತು, "ನನ್ನ ಹಾಸ್..." ಬದುಕಿರುವಷ್ಟು ದಿನ ಈ ನಾಚಿಕೆ ಹೋಗುವುದಿಲ್ಲ. ಟೀಚರ ಪಾದದಡಿ ಒಡೆದ ಹೆಂಚು ಕೊಯ್ದು ರಕ್ತ ಹರಿಯುತ್ತಿತ್ತು. ಸೆರಗು ಸುತ್ತಿಕೊಂಡು, "ಎಂತ ಹೆಣೆ, ಕಡ್ಲ್ ಬದಿಯವ್ಳ್, ಗುಂಡಿ ನೀರಂಗ್ ಮುಳುಗುದಾ? ಅಪ್ಪಯ್ಯಂಗ್ ಮರ್ಯಾದಿ ಇತ್ತಾ?" ಎಂದರು. ನಾನು ನಗಲಿಲ್ಲ. ಅವರೇ ಸ್ವಲ್ಪ ನಕ್ಕರು. ಆರು ಗಂಟೆಯ ಹೊತ್ತಿಗೆ ಮೀನುಗಾರರು ಟೆಂಪೋದಲ್ಲಿ ತಂದ ದೋಣಿ ನಮ್ಮನ್ನು ಇಳಿಸಿಕೊಂಡಿತು.

ಮಾರನೆಯ ದಿನವೇ ಆಶಾ ಕಾರ್ಯಕರ್ತೆ ಬಂದು ನೆರೆ ನೀರಿಗೆ ಇಳಿದವರಿಗೆಲ್ಲ ಮಾತ್ರೆ ಕೊಟ್ಟರು. ನಾನು ನುಂಗಿದೆ. "ಮಾತ್ರೆ ತಿಂದ್ರಾ?" ಎಂದು ಟೀಚರನ್ನು ಫೋನಿನಲ್ಲಿ ಕೇಳಿದೆ. "ಉಂಡ್ ಮೇಲೆ ತಿಂತೆ," ಎಂದರು. ಮತ್ತೆ ಕೇಳಲಿಲ್ಲ. ಗಾಯಕ್ಕೆ ಅರಶಿನ ಹಚ್ಚಿಕೊಂಡು, ಕೆಸರಾದ ನೂಲು ತೊಳೆದು ಒಣಗಿಸುತ್ತಾ ಓಡಾಡಿದರು. ಒಂಬತ್ತನೆಯ ದಿನ ಜ್ವರ ಬಂತು. ಮೈಕೈ ನೋವಿಗೆ ಕಷಾಯ ಕುಡಿದು ಎರಡು ದಿನ ಕಳೆದರು. ಕುಂದಾಪುರದ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಅವರ ಕಣ್ಣು ಹಳದಿಯಾಗಿತ್ತು. ಇಲಿ ಜ್ವರ ಎಂದರು. "ಕಾಲಿನಲ್ಲಿ ಗಾಯ ಇದ್ದುಕೊಂಡು ನೆರೆ ನೀರಿನಲ್ಲಿ ನಿಂತಿದ್ದರಾ?" ಎಂದು ಡಾಕ್ಟರು ಕೇಳಿದರು. ಸೇಟ್ರು ನನ್ನ ಮುಖ ನೋಡಿದರು. ಹೌದು ಎಂದು ಹೇಳಬೇಕಾದವಳು ನಾನೇ ಆಗಿದ್ದೆ.

ಒಳಗೆ ಬಿಟ್ಟಾಗ ಅವರಿಗೆ ಪ್ರಜ್ಞೆ ಇತ್ತು. ನನ್ನ ಕೈಯನ್ನು ಹುಡುಕಿ ಹಿಡಿದರು.

"ಹಾಸ್ ಎಲ್ಲ್ ಕತ್ತರ್ಸಿದ್ದೆ ಅಂದ್ ಕಂಡ್ಯಾ?"

ಹಾಸು ಕತ್ತರಿಸಬೇಕಾಯಿತಲ್ಲ ಎಂಬ ಕೊರಗು ಅವರಿಗೆ ಎಂದುಕೊಂಡೆ. ಅಥವಾ ಜ್ವರದ ಮಾತು. "ಅದೆಲ್ಲ ಈಗ ಬ್ಯಾಡ ಟೀಚ್ರೇ. ನೀವ್ ಸುಮ್ನೆ ಮನಿಕಣಿ," ಎಂದೆ. ಅವರು ಬೇಸರಪಟ್ಟ ಹಾಗೆ ಕಾಣಿಸಿತು. ಬಲೆಯಂಥ ಬಟ್ಟೆ ನೋಡಿದಾಗಿನ ಬೇಸರ. ಅದಾದ ಮೂರನೆಯ ದಿನ ತೀರಿಕೊಂಡರು. ಅವರ ನೂಲಿನ ಬುಟ್ಟಿಯ ತಳದಲ್ಲಿ ಮಾತ್ರೆಯ ಪೊಟ್ಟಣ ಸಿಕ್ಕಿತು. ಬಿಚ್ಚಿರಲಿಲ್ಲ.

ಆಮೇಲೆ ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ನೆತ್ತಿಗೆ ಏನೋ ಒತ್ತುತ್ತಿತ್ತು, ಎದ್ದು ಕೂರುತ್ತಿದ್ದೆ. ಅಪ್ಪಯ್ಯ ಜಗಲಿಯ ದೀಪ ಹಾಕಿ ಕೂರುತ್ತಿದ್ದರು. ಎರಡು ತಿಂಗಳು ನಾನು ಆ ಕಟ್ಟಡದ ಕಡೆಗೆ ಹೋಗಲಿಲ್ಲ. ಗೋಡೆ ಕಟ್ಟಿಸಿ, ಹೆಂಚು ಹಾಕಿಸಿ ಆದ ಮೇಲೆ ಸೇಟ್ರೇ ನಮ್ಮ ಮನೆಗೆ ಬಂದರು. ಮೊದಲ ಬಾರಿ ಅವರ ಬಾಯಲ್ಲಿ ಜಲ್ದಿ ಎಂಬ ಶಬ್ದ ಇರಲಿಲ್ಲ.

"ಮೂಲಿ ಮಗ್ಗ ನಿಂದ್ ಮಗಾ. ಬೇರೆಯವ್ರ್ ಮುಟ್ಟುಕಿಲ್ಲೆ ಅಂದ್ ಇಟ್ಟಿದ್ದೆ. ಬಂದ್ ಬಿಚ್ಚಿ ಬಿಡ್, ಖಾಲಿ ಮಾಡುವ."

ಬಿಚ್ಚಲೆಂದೇ ಹೋದೆ. ಕುಂಭಾಶಿಯವಳು ಜೊತೆಗೆ ಬಂದಳು. ನೇಯ್ದ ಅರ್ಧ ಸೀರೆ ಕೆಸರು ಹಿಡಿದು ಗಟ್ಟಿಯಾಗಿತ್ತು. ಹಣಿಗೆಯ ಹಿಂದೆ ಜೋಲುತ್ತಿದ್ದ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತಾ ಬಂದವಳು ಅಲ್ಲೇ ನಿಂತುಬಿಟ್ಟೆ. ನೀರು ನನ್ನ ಗಲ್ಲಕ್ಕೆ ಬಂದಿದ್ದಾಗ, ದೀಪವಿಲ್ಲದ ಕತ್ತಲಲ್ಲಿ, ಕತ್ತರಿ ಎಲ್ಲಿ ತಾಗಿದರೂ ನಡೆಯುತ್ತಿತ್ತು. ಕೈಗೆ ಹತ್ತಿರವಿದ್ದದ್ದು ಬಟ್ಟೆಯ ಅಂಚು. ಅವರು ಕೈ ಚಾಚಿ, ಹಣಿಗೆ ದಾಟಿ, ಕುಣಿಕೆಗಳನ್ನೂ ದಾಟಿ, ಅಲ್ಲಿಂದಾಚೆ ಒಂದು ಗೇಣು ನೂಲು ಬಿಟ್ಟು ಕತ್ತರಿಸಿದ್ದರು. ಒಂದು ಎಳೆಯೂ ಹಣಿಗೆಯಿಂದ ಜಾರಿರಲಿಲ್ಲ.

"ಹೊಸೆಯುಕೆ ಬಿಟ್ಟಿದ್ರಲೆ," ಎಂದಳು ಕುಂಭಾಶಿಯವಳು.

ಎಲ್ಲಿ ಕತ್ತರಿಸಿದ್ದೆ ಕಂಡ್ಯಾ ಎಂದು ಅವರು ಕೇಳಿದ್ದು ಇದನ್ನು. ನಾನು ಸುಮ್ಮನೆ ಮಲಗಿ ಎಂದಿದ್ದೆ.

ಕೆಸರು ತೊಳೆದು, ಹೊಸ ಹಾಸು ತಂದು, ಹನ್ನೊಂದು ದಿನ ಕೂತು ಹೊಸೆದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹಳೆಯದರ ತುದಿಗೆ ಹೊಸದರ ತುದಿ. ಗಂಟಿಲ್ಲ. ಕೆಲವು ಎಳೆ ಮತ್ತೆ ಮತ್ತೆ ಬಿಟ್ಟುಕೊಂಡವು. ಬೇರೆಯವರು ನೆರವಿಗೆ ಬಂದರೂ ಬೇಡ ಎಂದೆ. ಆಮೇಲೆ ಕುಂಭಾಶಿಯವಳಿಗೆ ಮಾತ್ರ ಅರ್ಧ ಬದಿ ಬಿಟ್ಟುಕೊಟ್ಟೆ. ಸೇಟ್ರು ದಿನವೂ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಹನ್ನೊಂದನೆಯ ದಿನ, ಒಂದು ಶನಿವಾರ, ಕೊನೆಯ ಎಳೆ ಕೂಡಿತು. ಮೆಲ್ಲನೆ ಎಳೆದೆವು. ಹಳೆಯ ನೂಲಿನ ಹಿಂದೆ ಹೊಸ ನೂಲು ಹಣಿಗೆಯೊಳಗೆ ಬಂತು.

ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ. ಕೊನೆಗೆ ಕಾಲು ಇಳಿಬಿಟ್ಟೆ. ಒಣಗಿತ್ತು. ಬಲಗಾಲಿನ ಮೆಟ್ಟಿನಲ್ಲಿ ಹೆಬ್ಬೆರಳಿನ ಜಾಗ ಸವೆದು ತಗ್ಗಾಗಿತ್ತು. ಅದು ನನ್ನ ಬೆರಳಿನ ಅಳತೆಯದಲ್ಲ. ಅಲ್ಲಿಗೇ ಬೆರಳಿಟ್ಟು ತುಳಿದೆ. ಕತ್ತಲಾಗುವ ಮೊದಲು ನಾಲ್ಕು ಬೆರಳು ನೇಯ್ದೆ.

ಮನೆಗೆ ಬಂದು ಉಂಡು ಮಲಗಿದ್ದು ನೆನಪಿದೆ. ಆಮೇಲಿನದು ಅಮ್ಮನ ದನಿ.

"ಏಳ್ ಹೆಣೆ, ಎಷ್ಟೊತ್ತ್ ಮನಿಕಂತೆ? ಮೀನಿನ ಗಾಡಿ ಬಂದ್, ಹಾರನ್ ಹೊಡ್ದ್ ಹೊಡ್ದ್, ಹೋಯೂ ಆಯ್ತ್."

ಬಿಸಿಲು ಚಾಪೆಯ ಮೇಲಿತ್ತು. ನಾನು ಏನೂ ಕೇಳಿಸಿಕೊಂಡಿರಲಿಲ್ಲ.