ಹನ್ನೊಂದು ಅಡಿಯ ಆಕ್ಷೇಪಣೆ

ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳಲ್ಲಿ ನಾನು ಹೈದರಾಬಾದಿನ ಕೂಕಟ್‌ಪಲ್ಲಿ ಕಡೆಯ ಒಂದು ಪುರಸಭೆ ಕಚೇರಿಯಲ್ಲಿ ಟೌನ್ ಪ್ಲಾನಿಂಗ್ ವಿಭಾಗದ ಸರ್ವೇಯರ್ ಆಗಿದ್ದೆ. ನಿವೃತ್ತನಾಗಿ ಬಹಳ ಕಾಲವಾಯಿತು. ಆದರೂ ಬಿಲ್ಡರ್ ಪ್ರಸಾದರಾಯನ ಹೆಸರು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ಬರೆಯುವ ಸಜ್ಜನಿಕೆ ನನಗಿಲ್ಲ.

ಅವನ ಒಂದು ಕಟ್ಟಡ ರಸ್ತೆಯನ್ನು ನಾಲ್ಕು ಅಡಿ ಒತ್ತಿಕೊಂಡು ಬಂದಿದೆ ಎಂದು ಅಳೆದು ವರದಿ ಬರೆದಿದ್ದೆ. ಮರುದಿನ ಅವನು ಕಚೇರಿಗೇ ಬಂದು, ಇಡೀ ಸೆಕ್ಷನ್ ಕೇಳುವಂತೆ, "ಟೇಪ್ ಪಕಡ್ನಾ ತೇರಾ ಕಾಮ್, ಜಬಾನ್ ನಕ್ಕೋ ಚಲಾ" ಎಂದ. ಟೇಪು ಹಿಡಿಯುವುದಷ್ಟೇ ನನ್ನ ಕೆಲಸ, ನಾಲಿಗೆ ಆಡಿಸಬಾರದಂತೆ. ತಿಂಗಳೊಳಗೆ ನನ್ನನ್ನು ರೆಕಾರ್ಡ್ ರೂಮಿಗೆ ಎತ್ತಂಗಡಿ ಮಾಡಿಸಿದ. ಅಲ್ಲಿ ಎರಡು ವರ್ಷ ಧೂಳು ಕುಡಿದೆ. ಮಾಡಲು ಕೆಲಸವಿಲ್ಲದೆ ಹಳೆಯ ಫೈಲುಗಳಲ್ಲಿದ್ದ ಜನರ ಆಕ್ಷೇಪಣೆಗಳನ್ನೆಲ್ಲ ಓದಿದೆ. ಅವು ಯಾಕೆ ತಿರಸ್ಕೃತವಾಗುತ್ತವೆ ಎಂಬುದು ನನಗೆ ಬಾಯಿಪಾಠವಾಯಿತು.

ಸೆಕ್ಷನ್ನಿಗೆ ಮರಳಿದ ವಾರದಲ್ಲೇ ಅವನ ಹೊಸ ಅರ್ಜಿ ನನ್ನ ಮೇಜಿಗೆ ಬಂತು. ಒಂದು ಕಾಲೋನಿಯಲ್ಲಿದ್ದ ತನ್ನ ಖಾಲಿ ಜಾಗವನ್ನು ವಸತಿಯಿಂದ ಕಮರ್ಷಿಯಲ್‌ಗೆ ಬದಲಿಸಿಕೊಡಿ, ಕಾಂಪ್ಲೆಕ್ಸ್ ಕಟ್ಟುತ್ತೇನೆ ಎಂಬ ಅರ್ಜಿ. ಇಂಥ ಬದಲಾವಣೆಗೆ ಮುಂಚೆ ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕು. ಹದಿನೈದು ದಿನದೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಆಮೇಲೆ ವಿಚಾರಣೆ ನಡೆಯುತ್ತದೆ. ಒಳಗೊಳಗೇ ಹಿಗ್ಗಿದೆ. ಈ ಸಲ ಸಿಕ್ಕಿಬಿದ್ದೆಯಲ್ಲಪ್ಪ ಮಗನೇ ಅಂದುಕೊಂಡೆ.

ಆರನೆಯ ದಿನ ಶರಣಮ್ಮ ಬಂದರು. ನನ್ನ ಹಾಗೇ ಕಲಬುರಗಿ ಕಡೆಯವರು, ನಿವೃತ್ತ ಶಿಕ್ಷಕಿ. ಅವರ ಮನೆ ಆ ಖಾಲಿ ಜಾಗದ ಹಿಂದಿತ್ತು. ಯಜಮಾನರಿಗೆ ಲಕ್ವ ಹೊಡೆದಿತ್ತು, ಆಗಾಗ ಉಸಿರು ಕಟ್ಟುತ್ತಿತ್ತು. ಆಂಬುಲೆನ್ಸ್ ಆ ಜಾಗ ದಾಟಿಯೇ ಮನೆಗೆ ಬರಬೇಕು. ಕೈಯಲ್ಲಿ ನೂರ ನಲವತ್ತು ಸಹಿಗಳ ಮನವಿ ಇತ್ತು. ಅಷ್ಟು ದಿನ ಅದು ಯಾವುದೋ ಪುಢಾರಿಯ ಮನೆಯಲ್ಲಿ ಕೂತಿತ್ತಂತೆ. ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಸುಮ್ಮನಾಗಿದ್ದ.

"ಅಮ್ಮಾರ, ನೂರಾ ನಲವತ್ತು ಸಹಿ ಇದ್ರೂ ಇದು ಒಂದ ಆಕ್ಷೇಪಣೆ" ಎಂದೆ. "ಒಬ್ಬೊಬ್ಬರೂ ಬ್ಯಾರೆ ಬ್ಯಾರೆ ಬರೀರಿ. ಸರ್ವೆ ನಂಬರ್ ಹಾಕ್ರಿ. ಬೈಗಳ ತಗೀರಿ, ಅದು ಲೆಕ್ಕಕ್ಕ ಬರಂಗಿಲ್ಲ. ರಸ್ತಾ, ಚರಂಡಿ, ಪಾರ್ಕಿಂಗ್, ಇದರಿಂದ ನಿಮಗೇನು ತ್ರಾಸು ಆಕ್ಕೈತಿ ಅಷ್ಟ ಬರೀರಿ."

ಕೇಳಿದವರಿಗೆ ಇಷ್ಟು ಹೇಳುವುದು ನನ್ನ ಕೆಲಸವೇ ಆಗಿತ್ತು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸೇಡು ಸುಮ್ಮನೆ ಕೂರಗೊಡಲಿಲ್ಲ. ಭಾನುವಾರ ಮಧ್ಯಾಹ್ನ ಅವರ ಮನೆಗೇ ಹೋಗಿ, ನನ್ನ ಕೈಯಾರೆ ಬರೆದ ಎರಡು ಹಾಳೆ ಕೊಟ್ಟೆ. ಪ್ರಸಾದರಾಯನ ಹಳೆಯ ಒತ್ತುವರಿಗಳು, ಅವನ ಸುಳ್ಳುಗಳು, ಒಂದನ್ನೂ ಬಿಟ್ಟಿರಲಿಲ್ಲ. ಸಹಿ ಮಾಡಿ ಕೊಡಿ ಸಾಕು, ಅವನ ಕಥೆ ಮುಗಿಯಿತು ಎಂದೆ.

ಶರಣಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಕ್ಕಳ ಪ್ರಬಂಧ ತಿದ್ದುವವರ ಹಾಗೆ ಒಮ್ಮೆ ನನ್ನ ಮುಖ ನೋಡಿದರು.

"ಬಿರಾದಾರ್ರ, ಇದರಾಗ ನನ್ನ ಮನಿ ಎಲ್ಲೈತ್ರಿ? ಇದು ನಿಮ್ಮ ಜಗಳ. ನನಗ ನನ್ನ ದಾರಿ ಬೇಕು" ಎಂದು ಹಾಳೆಗಳನ್ನು ಹರಿದು ಒಲೆಗೆ ಹಾಕಿದರು.

ಸಿಟ್ಟು ಬಂದು, ಚಹಾ ಸಹ ಕುಡಿಯದೆ ಎದ್ದು ಬಂದೆ. ಏನಾದರೂ ಮಾಡಿಕೊಳ್ಳಲಿ ಎಂದುಕೊಂಡೆ. ಅವರು ನೆರೆಯ ಹೆಂಗಸರನ್ನು ಕೂಡಿಸಿಕೊಂಡು, ಖಾಲಿ ಜಾಗದ ಪಕ್ಕದ ಓಣಿಯನ್ನು ಟೈಲರ್ ಟೇಪಿನಲ್ಲಿ ಅಳೆದರು. ಅರ್ಜಿಯ ಪ್ಲಾನಿನಲ್ಲಿ ಅದು ಮೂವತ್ತು ಅಡಿ ರಸ್ತೆ. ನೆಲದ ಮೇಲೆ ಹನ್ನೊಂದೇ ಅಡಿ, ನಡುವೆ ಕರೆಂಟ್ ಕಂಬ ಬೇರೆ. ಗಡುವಿನೊಳಗೆ ಅರವತ್ತೆರಡು ಆಕ್ಷೇಪಣೆಗಳು ಬಂದವು, ಅವರವರ ಅಕ್ಷರದಲ್ಲೇ.

ವಿಚಾರಣೆಯ ದಿನ ಪ್ರಸಾದರಾಯನ ವಕೀಲರು ಎದ್ದು ನನ್ನತ್ತ ಕೈ ತೋರಿಸಿದರು. "ಹಳೇ ದ್ವೇಷಕ್ಕೆ ಈ ಸರ್ವೇಯರನೇ ಇವನ್ನೆಲ್ಲ ಬರೆದಿದ್ದಾನೆ, ಇವನ ಅಕ್ಷರ ನಮ್ಮ ಹತ್ತಿರ ಇದೆ" ಎಂದು ನನ್ನ ಹಳೆಯ ವರದಿಯನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಅದನ್ನು ಪಕ್ಕದಲ್ಲಿಟ್ಟುಕೊಂಡು ಅರವತ್ತೆರಡನ್ನೂ ಒಂದೊಂದಾಗಿ ತಿರುವಿ ನೋಡಿದರು. ಒಂದರಲ್ಲೂ ನನ್ನ ಅಕ್ಷರ ಸಿಗಲಿಲ್ಲ. ಆಮೇಲೆ ಅವರೇ ಸ್ಥಳಕ್ಕೆ ಹೋಗಿ ಓಣಿ ಅಳೆಸಿದರು. ಅರ್ಜಿ ತಿರಸ್ಕೃತವಾಯಿತು.

ಆ ಆದೇಶವನ್ನು ಟಪಾಲಿಗೆ ಹಾಕಲು ನಾನು ಬಿಡಲಿಲ್ಲ. ಖುದ್ದಾಗಿ ಅವನ ಆಫೀಸಿಗೆ ಒಯ್ದು, ಅವನ ನೌಕರರೆಲ್ಲ ನೋಡುತ್ತಿರುವಾಗ ಮುಟ್ಟಿದ್ದಕ್ಕೆ ಸಹಿ ಮಾಡಿಸಿಕೊಂಡೆ. ಅವನು ತಲೆ ಎತ್ತಲಿಲ್ಲ. ಎರಡು ವರ್ಷದ ಧೂಳು ಆ ಹೊತ್ತು ಗಂಟಲಿನಿಂದ ಇಳಿಯಿತು. ಸುಳ್ಳು ಯಾಕೆ ಹೇಳಲಿ, ಭಾಳ ರುಚಿಯಾಗಿತ್ತು.

ಆರು ತಿಂಗಳ ನಂತರ ಶರಣಮ್ಮನವರ ಯಜಮಾನರಿಗೆ ಮತ್ತೆ ಉಸಿರು ಕಟ್ಟಿತು. ಆಂಬುಲೆನ್ಸ್ ಖಾಲಿ ಜಾಗ ದಾಟಿ ಬಾಗಿಲಿಗೇ ಬಂತು, ಅವರು ಬದುಕಿಕೊಂಡರು. ಸುದ್ದಿ ಕೇಳಿದಾಗ ಒಲೆಗೆ ಬಿದ್ದ ಆ ಎರಡು ಹಾಳೆ ನೆನಪಾದವು. ಅವರು ಅವಕ್ಕೆ ಸಹಿ ಹಾಕಿದ್ದರೆ, ವಿಚಾರಣೆಯಲ್ಲಿ ನನ್ನ ಅಕ್ಷರ ಸಿಕ್ಕು ಆಕ್ಷೇಪಣೆಗಳೆಲ್ಲ ಬಿದ್ದುಹೋಗಿ, ಆ ದಾರಿಯನ್ನು ಪ್ರಸಾದರಾಯನ ಕೈಗೆ ನಾನೇ ಇಟ್ಟಂತಾಗುತ್ತಿತ್ತು.

ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಈಗಲೂ ಮಲ್ಕಾಜ್‌ಗಿರಿಯ ನನ್ನ ಮನೆಗೆ ಯಾರಾದರೂ ಬಂದು ಆಕ್ಷೇಪಣೆ ಬರೆದುಕೊಡಿ ಎನ್ನುತ್ತಾರೆ. ಕೂಡಿಸಿ, ನಿಯಮ ಹೇಳಿ, ಪೆನ್ನನ್ನು ಅವರ ಕೈಗೇ ಕೊಡುತ್ತೇನೆ. ನಿಮ್ಮದು ಏನು ಹೋಗುತ್ತದೋ ಅಷ್ಟನ್ನೇ ಬರೆಯಿರಿ ಎನ್ನುತ್ತೇನೆ. ನನ್ನ ಕೈಯ ಮೇಲೆ ನನಗೆ ನಂಬಿಕೆಯಿಲ್ಲ.