ಇದ್ದ ಮನೆಗೇ ಕೇಳಿದ ಕಮಿಷನ್

ಜನವರಿ ಹನ್ನೆರಡು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಪುತ್ತೂರು ಬಸ್‌ಸ್ಟ್ಯಾಂಡಿನ ಎದುರು ನಾನೂ ಅಮ್ಮನೂ ಬ್ರೋಕರರ ಕಾರು ಹತ್ತಿದೆವು. ಒಂಬತ್ತಕ್ಕೆ ಬರುತ್ತೇನೆ ಎಂದವರು ಹತ್ತು ನಿಮಿಷ ತಡ. ಇದನ್ನು ಆಗಲೇ ಡೈರಿಯಲ್ಲಿ ಬರೆದುಕೊಂಡೆ. ಎರಡು ವಾರ ಕಳೆದು ಕಮಿಷನ್ನಿನ ಜಗಳ ಶುರುವಾದಾಗ ನಮ್ಮ ಕಡೆಯ ಸಾಕ್ಷಿ ಎಂದು ಇದ್ದದ್ದು ಆ ಡೈರಿ ಒಂದೇ.

ನಮಗೆ ಬಾಡಿಗೆ ಮನೆ ಬೇಕಿತ್ತು. ಆರು ವರ್ಷದಿಂದ ನಾವಿದ್ದ ಮನೆಯ ಓನರ್ ಮಂಗಳೂರಿನಲ್ಲಿರುವವರು. ಎಂಟು ಸಾವಿರದ ಬಾಡಿಗೆಯನ್ನು ಒಮ್ಮೆಲೇ ಒಂಬತ್ತೂವರೆಗೆ ಏರಿಸಿದರು. ಆಗುವುದಿಲ್ಲ ಎಂದದ್ದಕ್ಕೆ, ತಿಂಗಳ ಕೊನೆಗೆ ಬಿಟ್ಟುಬಿಡಿ ಎಂದರು. ನನಗೇನೂ ತೊಂದರೆಯಿರಲಿಲ್ಲ. ಕಾಲೇಜಿನ ಲೈಬ್ರರಿಯ ಕೆಲಸಕ್ಕೆ ಎಲ್ಲಿಂದಲಾದರೂ ಬಂದೇನು. ಆದರೆ ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಡಿಸೆಂಬರಿನಲ್ಲಿ ಬಟ್ಟೆ ತಂದ ಅರುವತ್ತೊಂದು ಜನರಲ್ಲಿ ಐವತ್ತನಾಲ್ಕು ಮಂದಿ ಪೇಟೆಗೆ ಬಂದು, ಬಸ್ಸಿಳಿದು, ನಡೆದುಕೊಂಡು ಬಂದವರು. ಮನೆ ದೂರವಾದರೆ ಅಮ್ಮನ ಮೆಷಿನ್ ನಿಂತ ಹಾಗೆಯೇ.

ಹಾಗಾಗಿ ಬ್ರೋಕರರಿಗೆ ಅಮ್ಮ ಹೇಳಿದ್ದು ಒಂದೇ ಮಾತು.

"ಬಸ್‌ಸ್ಟ್ಯಾಂಡಿನಿಂದ ನಡ್ಕೊಂಡು ಬರುವ ಹಾಗೆ ಇರ್ಬೇಕು."

"ಅಂಥದ್ದೇ ಉಂಟು ಅಕ್ಕ."

"ಎಲ್ಲಿ?"

"ಅದು ಈಗ ಹೇಳ್ಲಿಕ್ಕಿಲ್ಲ."

ಇದು ಅವರ ಕಸುಬಿನ ಪದ್ಧತಿ. ಮನೆ ಎಲ್ಲಿ ಎಂದು ಮೊದಲೇ ಹೇಳಿದರೆ ಜನ ಸೀದಾ ಓನರ್ ಹತ್ತಿರ ಹೋಗಿ ಮಾತು ಮುಗಿಸುತ್ತಾರೆ, ಬ್ರೋಕರ್ ಬಾಯಿಗೆ ಮಣ್ಣು. ಆದ್ದರಿಂದ ಬಾಗಿಲ ಎದುರು ಕಾರು ನಿಲ್ಲುವ ತನಕ ಊರಿನ ಹೆಸರೂ ಹೊರಬೀಳುವುದಿಲ್ಲ. ನಾವು ಈಗ ಎಲ್ಲಿದ್ದೇವೆ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. "ಬಸ್‌ಸ್ಟ್ಯಾಂಡಿಗೆ ಬನ್ನಿ, ಕಾರಲ್ಲಿ ಕರ್ಕೊಂಡು ಹೋಗ್ತೇನೆ. ಪೆಟ್ರೋಲಿಗೆ ಮಾತ್ರ ಎಂತಾದ್ರೂ ಕೊಡಿ" ಎಂದಿದ್ದರು.

ಕಾರು ಕಡಬದ ದಾರಿ ಹಿಡಿಯಿತು. "ಎರಡೇ ನಿಮಿಷ" ಎಂದು ಬ್ರೋಕರರು ಒಂಬತ್ತು ಸಲ ಹೇಳಿದರು. ಅರುವತ್ತೆಂಟು ನಿಮಿಷಕ್ಕೆ ಕೋಡಿಂಬಾಳ ತಲುಪಿದೆವು. ಮನೆಯ ಪಕ್ಕದಲ್ಲೇ ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆ. ಎರಡಕ್ಕೂ ಒಂದೇ ಗೋಡೆ.

"ಬಸ್‌ಸ್ಟ್ಯಾಂಡ್ ಎಲ್ಲಿ ಮಾರಾಯ್ರೆ?" ಎಂದಳು ಅಮ್ಮ.

"ಅದಾ, ಆ ಮರದ ಬುಡದಲ್ಲಿ ಬಸ್ ನಿಲ್ತದಲ್ಲ ಅಕ್ಕ! ನಡ್ಕೊಂಡು ಹೋದ್ರೆ ಎರಡೇ ನಿಮಿಷ."

ಅಮ್ಮನಿಗೆ ಮನೆ ಪರೀಕ್ಷಿಸುವ ತನ್ನದೇ ಕ್ರಮ ಇತ್ತು. ಕಿಟಕಿಯ ಹತ್ತಿರ ನಿಂತು ಸೂಜಿಗೆ ನೂಲು ಪೋಣಿಸುವುದು. ಒಂದೇ ಸಲಕ್ಕೆ ಹೋದರೆ ಬೆಳಕು ಸಾಕು ಎಂದು ಲೆಕ್ಕ. ಕೋಡಿಂಬಾಳದಲ್ಲಿ ಏಳು ಸಲಕ್ಕೂ ಹೋಗಲಿಲ್ಲ. ಹೊಗೆಯಿಂದ ಕಣ್ಣಲ್ಲಿ ನೀರು ಬಂದದ್ದೇ ಲಾಭ. ಬ್ರೋಕರರು ಅದನ್ನು ನೋಡಿ, "ಬೇಜಾರು ಮಾಡ್ಬೇಡಿ ಅಕ್ಕ, ಬೇರೆ ಉಂಟು" ಎಂದು ಸಮಾಧಾನ ಮಾಡಿದರು. ಪೆಟ್ರೋಲಿಗೆ ಐನೂರು.

ಹತ್ತೊಂಬತ್ತನೆಯ ತಾರೀಕು ಕಲ್ಲುಗುಂಡಿ. ಮಡಿಕೇರಿ ರಸ್ತೆಗೆ ತಾಗಿಕೊಂಡ ಮಾಳಿಗೆ, ಕೆಳಗೆ ಪಂಕ್ಚರ್ ಅಂಗಡಿ. ಬೆಳಕು ಧಾರಾಳ. ಅಮ್ಮ ಸೂಜಿ ಎತ್ತಿದಾಗಲೆಲ್ಲ ಘಾಟಿಯಿಂದ ಒಂದೊಂದು ಲಾರಿ ಇಳಿಯುತ್ತಿತ್ತು. ಮನೆ ನಡುಗುತ್ತಿತ್ತು, ಅಮ್ಮನ ಕೈ ನಡುಗುತ್ತಿತ್ತು, ನೂಲು ಹೊರಗೆ. ನಾಲ್ಕು ಲಾರಿಯ ಅನಂತರ ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕೆಳಗಿಳಿದಳು.

"ಇಲ್ಲಿ ಹೊಲಿದ್ರೆ ಎಲ್ಲ ಬ್ಲೌಸಿಗೂ ಫ್ರಿಲ್ ಬರ್ತದೆ."

ಪೆಟ್ರೋಲಿಗೆ ಆರುನೂರು.

ಇಪ್ಪತ್ತೈದು, ಶನಿವಾರ ಮಧ್ಯಾಹ್ನ, ಈಶ್ವರಮಂಗಲ. ಸೂಜಿಗೆ ಮೊದಲ ಸಲವೇ ನೂಲು ಹೋಯಿತು. ಅಷ್ಟರಲ್ಲಿ ನನ್ನ ಮೊಬೈಲಿಗೆ ಕೇರಳಕ್ಕೆ ಸ್ವಾಗತ ಎಂದು ಸಂದೇಶ ಬಂತು. "ಪುತ್ತೂರು ಪೇಟೆ ಕೇಳಿದ್ರೆ ಬೇರೆ ರಾಜ್ಯವೇ ತೋರಿಸ್ತೀರಲ್ಲ ಮಾರಾಯ್ರೆ" ಎಂದಳು ಅಮ್ಮ. ಪೆಟ್ರೋಲಿಗೆ ಮುನ್ನೂರು. ಒಟ್ಟು ಮೂರು ಮನೆ, ಇನ್ನೂರ ಇಪ್ಪತ್ತೆರಡು ಕಿಲೋಮೀಟರ್, ಸಾವಿರದ ನಾನೂರು ರೂಪಾಯಿ. ಮನೆ ಬಿಡಲು ಉಳಿದದ್ದು ಆರು ದಿನ.

ಆ ರಾತ್ರಿ ಬ್ರೋಕರರ ಫೋನ್. "ಅಕ್ಕನ ಕೆಲಸ ಆಯ್ತು. ಪುತ್ತೂರಲ್ಲೇ ಉಂಟು. ಸುಳ್ಯದ ಬ್ರೋಕರ್ ಒಬ್ರು ಹೇಳಿದ್ದು. ಅವ್ರಿಗೆ ಹೇಳಿದ್ದು ಕಡಬದ ಬ್ರೋಕರ್. ಕೀ ಇರುದು ಕಡಬದವರ ಹತ್ರ."

ಇಪ್ಪತ್ತಾರು, ಭಾನುವಾರ, ಹತ್ತೂವರೆ. ಸುಳ್ಯದವರೂ ಕಡಬದವರೂ ಒಂದೊಂದು ಬಸ್ಸಿನಲ್ಲಿ ಬಂದಿಳಿದರು. ಕಡಬದವರ ಕೈಯಲ್ಲಿ ದೊಡ್ಡ ಕೀಗೊಂಚಲು. ಐದು ಜನ ಕಾರಿನಲ್ಲಿ ಒತ್ತಿಕೊಂಡು ಕುಳಿತೆವು. ನಮಗೆ ದಾರಿ ಗುರ್ತ ಸಿಗಬಾರದೆಂದೋ ಏನೋ ಪೇಟೆಗೆ ಎರಡು ಸುತ್ತು ಹಾಕಿ, ಕಾರು ಒಂದು ಓಣಿಗೆ ತಿರುಗಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ತೊಡೆಗೆ ಚಿವುಟಿದಳು. ಅದು ನಮ್ಮ ಓಣಿ.

ಕಾರು ನಮ್ಮ ಗೇಟಿನ ಎದುರೇ ನಿಂತಿತು.

"ಹೇಗುಂಟು ಏರಿಯಾ?" ಎಂದರು ನಮ್ಮ ಬ್ರೋಕರರು.

"ಪರವಾಗಿಲ್ಲ" ಎಂದಳು ಅಮ್ಮ. "ಈಗ ಯಾರಿದ್ದಾರೆ?"

ಕಡಬದವರು ಸ್ವರ ತಗ್ಗಿಸಿದರು. "ಯಾರೋ ತಾಯಿ ಮಗಳಂತೆ. ದಿನ ಇಡೀ ಮೆಷಿನ್ ಕಟಕಟ. ಓನರಿಗೂ ಸಾಕಾಗಿದೆ. ಒಂಬತ್ತೂವರೆ ಯಾರೂ ಕೊಡುದಿಲ್ಲ ಅಂತ ನಾನೇ ಎಂಟಕ್ಕೆ ಒಪ್ಪಿಸಿದ್ದು. ಇವತ್ತು ಮನೆಯಲ್ಲಿ ಅವರಿಲ್ಲ, ಒಳ್ಳೆದಾಯ್ತು."

ಅವರ ಗೊಂಚಲಿನ ಹನ್ನೊಂದು ಕೀಗಳಲ್ಲಿ ಒಂದೂ ತಾಗಲಿಲ್ಲ. ಹಳೆಯ ಬೀಗ ಕೆಟ್ಟು ನಾವು ಬೇರೆ ಹಾಕಿ ಮೂರು ವರ್ಷವಾಗಿತ್ತು. ಅಮ್ಮ ತನ್ನ ಚೀಲಕ್ಕೆ ಕೈ ಹಾಕಿ, "ಇದೊಂದು ನೋಡುವ" ಎಂದು ತಿರುಗಿಸಿದಳು. ಬೀಗ ತೆರೆಯಿತು.

"ಅರೆ! ನಿಮ್ಮ ಕೀ ಆಗ್ತದಲ್ಲ ಅಕ್ಕ!"

"ಸಣ್ಣ ಬೀಗ ಅಲ್ವಾ" ಎಂದು ಅಮ್ಮ ಚಪ್ಪಲಿ ಕಳಚಿ ಒಳಗೆ ಹೋದಳು.

ನಾನು ಗೋಡೆಗೆ ಮುಖ ಮಾಡಿ ನಗು ತಡೆದುಕೊಂಡೆ. ಅಮ್ಮ ಆರು ವರ್ಷ ಕೂತು ಹೊಲಿದ ಕಿಟಕಿಯ ಬಳಿ ಗಂಭೀರವಾಗಿ ನಿಂತು ಸೂಜಿ ಎತ್ತಿದಳು. ಬೇಕೆಂದೇ ಎರಡು ಸಲ ತಪ್ಪಿಸಿದಳು.

"ಬೆಳಕು ಸ್ವಲ್ಪ ಕಮ್ಮಿ. ಅಡುಗೆಮನೆಯ ನಳ್ಳಿ ಸೋರ್ತದೆ."

"ನಳ್ಳಿ ನೀವು ನೋಡ್ಲೇ ಇಲ್ಲ!" ಎಂದರು ಸುಳ್ಯದವರು.

"ಶಬ್ದದಲ್ಲೇ ಗೊತ್ತಾಗುದಿಲ್ವಾ? ಏಳೂವರೆ ಆದ್ರೆ ಈಗಲೇ ಮಾತು ಕೊಡ್ತೇನೆ."

ಕಡಬದವರು ಓನರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಒಳ್ಳೆ ಪಾರ್ಟಿ ಸಿಕ್ಕಿದ್ದಾರೆ. ಇವರೂ ತಾಯಿ ಮಗಳೇ, ಆದ್ರೆ ಪಾಪದವರು. ಏಳೂವರೆ ಹೇಳ್ತಾರೆ."

"ಆಯ್ತು, ಕೊಡಿ" ಎಂದರು ಓನರ್. "ಈಗಿನವರ ಹಾಗೆ ಚರ್ಚೆ ಮಾಡುವವರು ಆಗದಿದ್ರೆ ಸಾಕು."

ಆ ಹೊತ್ತಿಗೆ ಸುಳ್ಯದವರು ಗೋಡೆಯ ಫೋಟೋದ ಎದುರು ನಿಂತಿದ್ದರು. ಫೋಟೋ ನೋಡಿದರು, ಅಮ್ಮನನ್ನು ನೋಡಿದರು, ಪುನಃ ಫೋಟೋ ನೋಡಿದರು.

"ಇದು ನೀವಲ್ವಾ?"

"ಹೌದು. ಕೂತ್ಕೊಳ್ಳಿ, ಚಾ ಮಾಡ್ತೇನೆ."

ಮೂವರೂ ಕೂತರು. ಸ್ಪೀಕರಿನಲ್ಲಿ ಓನರ್ "ಎಂತಾಯ್ತು? ಯಾರದು?" ಎಂದು ಕೇಳುತ್ತಲೇ ಇದ್ದರು. ಕಡಬದವರು ವಿಷಯ ಹೇಳಿದರು. ಓನರ್, ಐದು ಜನರ ಎದುರು ಕೊಟ್ಟ ಮಾತು ಎಂದೋ, ಖಾಲಿ ಬಿಟ್ಟರೆ ಅದೂ ನಷ್ಟ ಎಂದೋ, "ಇರಿ ಹಾಗಾದ್ರೆ" ಎಂದು ಫೋನ್ ಇಟ್ಟುಬಿಟ್ಟರು. ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಅಡುಗೆಮನೆಗೆ ಹೋದಳು. ಈ ಸಲ ಹೊಗೆ ಇರಲಿಲ್ಲ.

ಚಾ ಮುಗಿದ ಮೇಲೆ ನಮ್ಮ ಪುತ್ತೂರಿನ ಬ್ರೋಕರರು ಲೋಟ ಕೆಳಗಿಟ್ಟರು.

"ನಮ್ಮ ಕಮಿಷನ್, ಒಂದು ತಿಂಗಳ ಬಾಡಿಗೆ?"

"ಎಂತಕ್ಕೆ?" ಎಂದೆ ನಾನು. "ನಮ್ಮ ಮನೆ ನಮಗೆ ತೋರಿಸಿದ್ದಕ್ಕಾ?"

"ಅಲ್ಲ ತಂಗಿ, ನಾನು ಬರುವ ಮೊದಲು ನೀವು ಈ ಮನೆ ಬಿಡುವವರು. ನಾನು ಬಂದ ಮೇಲೆ ಇರುವವರು. ಬಾಡಿಗೆಯೂ ಐನೂರು ಇಳಿದಿದೆ. ಮಾಡಿಸಿದ್ದು ಯಾರು?"

ನಾನು ಡೈರಿ ತೆರೆದು ಹೊಗೆಯಿಂದ ಲಾರಿಯವರೆಗೆ ಓದಿದೆ. ಮೂವರೂ ಪಂಚಾಯತಿ ಸಭೆಯ ಹಾಗೆ ಕೇಳಿದರು. "ಎರಡೇ ನಿಮಿಷ" ಒಟ್ಟು ಮೂವತ್ತೊಂದು ಸಲ ಎಂಬಲ್ಲಿ ಸುಳ್ಯದವರು ಜೋರಾಗಿ ನಕ್ಕದ್ದರಿಂದ ಪುತ್ತೂರಿನವರಿಗೆ ಅವರ ಮೇಲೇ ಸಿಟ್ಟು ಬಂತು. ಸುಳ್ಯದಲ್ಲಿ ಎರಡೂ ಕಡೆಯಿಂದ ಅರ್ಧರ್ಧ ತಿಂಗಳು ತೆಗೆದುಕೊಳ್ಳುವುದು ಕ್ರಮ ಎಂದರು ಸುಳ್ಯದವರು. ಖುಷಿಯಲ್ಲಿ ಕೊಟ್ಟದ್ದು ಸಾಕು ಎಂದರು ಕಡಬದವರು. ಓನರನ್ನು ಒಪ್ಪಿಸಿದ್ದು ಅವರೊಬ್ಬರೇ ಆದ್ದರಿಂದ ಅಮ್ಮ ಅವರ ಕೈಗೆ ಸಾವಿರ ರೂಪಾಯಿ ಇಟ್ಟಳು. ಉಳಿದಿಬ್ಬರು ಅದರಲ್ಲಿ ಪಾಲು ಕೇಳುತ್ತ ಅವರ ಹಿಂದೆಯೇ ಗೇಟು ದಾಟಿದರು.

ಮೂವತ್ತಕ್ಕೆ ಹನ್ನೊಂದು ತಿಂಗಳ ಕರಾರಿಗೆ ಸಹಿ ಆಯಿತು. ಅಂದಿನಿಂದ ಫೆಬ್ರವರಿ ಹತ್ತರ ತನಕ ಪುತ್ತೂರಿನವರ ಫೋನ್ ಹದಿನಾಲ್ಕು. ಏಳೂವರೆ ಸಾವಿರ ಐದಕ್ಕೆ ಇಳಿಯಿತು, ಅಲ್ಲಿಂದ ಎರಡೂವರೆಗೆ. ಕೊನೆಗೆ "ಪೆಟ್ರೋಲಿಗಾದ್ರೂ ಕೊಡಿ" ಎಂದರು. ಅದು ಕೊಟ್ಟಾಗಿದೆ ಎಂದು ಮೂರು ತಾರೀಕು ಓದಿದೆ.

"ಹಾಗಾದ್ರೆ ನನ್ನ ಬುದ್ಧಿಗೆ ಎಂತ ಕೊಡ್ತೀರಿ?"

ಈ ಮಾತನ್ನೂ ತಾರೀಕು ಹಾಕಿ ಡೈರಿಯಲ್ಲಿ ಬರೆದುಕೊಂಡೆ. ಅಮ್ಮನಿಗೆ ಈಗ ಅನುಮಾನ ಹತ್ತಿದೆ. "ಪಾಪ, ಅವ್ರು ಸುತ್ತಾಡಿಸದಿದ್ರೆ ನಾವು ಈಗ ಯಾವ ಊರಲ್ಲಿ ಇರ್ತಿದ್ದೆವೋ" ಎನ್ನುತ್ತಾಳೆ. ಏನೂ ಕೊಡಬೇಕಾಗಿಲ್ಲ ಎಂದು ನಾನು, ಸಾವಿರವಾದರೂ ಕೊಡಬೇಕು ಎಂದು ಅವಳು. ಊಟದ ಹೊತ್ತಿಗೆ ದಿನಕ್ಕೊಮ್ಮೆಯಾದರೂ ವಾದ ನಡೆಯುತ್ತದೆ.

ಇದ್ದವರಿಗೇ ಇದ್ದ ಮನೆ ಕೊಡಿಸಿದರೆ ಬ್ರೋಕರಿಗೆ ಎಷ್ಟು ಸಲ್ಲಬೇಕು? ಪುತ್ತೂರು, ಸುಳ್ಯ, ಕಡಬ, ಮೂರರಲ್ಲಿ ಯಾವ ಊರಿನ ಕ್ರಮ ಇದಕ್ಕೆ ಅನ್ವಯಿಸುತ್ತದೆ? ಇಂಥದ್ದು ನಿಮ್ಮ ಮನೆಯಲ್ಲಿ ಆಗಿದ್ದರೆ, ಅಥವಾ ನೀವೇ ಬ್ರೋಕರ್ ಆಗಿದ್ದರೆ, ದಯವಿಟ್ಟು ಬರೆದು ತಿಳಿಸಿ. ಎಷ್ಟು ಕೊಟ್ಟಿರಿ ಎಂಬುದರ ಜೊತೆಗೆ ತಾರೀಕನ್ನೂ ಬರೆಯಿರಿ.